ಕೇಳದೆ ತಂದ ಧಾಟಿ

ರಬಕವಿಯ ನಮ್ಮ ಮನೆಯಲ್ಲಿ ನಾನು ವಯೊಲಿನ್ ಬಾರಿಸಬೇಕೆಂದರೆ ಕರೆಂಟ್ ಹೋಗಬೇಕಿತ್ತು. ಅಪ್ಪನ ಪವರ್‌ಲೂಮ್ ನಡೆದಾಗ ಪಕ್ಕದಲ್ಲಿ ಕೂತವರ ಮಾತೂ ಕೇಳುತ್ತಿರಲಿಲ್ಲ. ಮಗ್ಗ ನಿಂತವೆಂದರೆ ಎಲ್ಲರೂ ಬೇಸರ ಮಾಡಿಕೊಂಡು ಹೊರಗಿನ ಕಟ್ಟೆಗೆ ಬರುತ್ತಿದ್ದರು, ನಾನು ಒಳಗೆ ಓಡುತ್ತಿದ್ದೆ. "ಕರೆಂಟ್ ಹೋದ್ರ ಇಕಿ ಒಬ್ಬಾಕಿಗಿ ಹಬ್ಬ ನೋಡ್ರಿ" ಎಂದು ಅವ್ವ ನಗುತ್ತಿದ್ದಳು.

ಕಲಿಸುತ್ತಿದ್ದವರು ಜಮಖಂಡಿಯ ಒಬ್ಬ ನಿವೃತ್ತ ಮಾಸ್ತರರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು ಬೀಳಗಿಗೆ ಮದುವೆಯಾಗಿ ಹೋಗಿ ಅಲ್ಲೇ ಸಾಲಿ ಕಲಿಸುತ್ತಿದ್ದಳು. ಪ್ರತಿ ಭಾನುವಾರ ಬಸ್ಸು ಹಿಡಿದು ಹೋಗುತ್ತಿದ್ದೆ. ಮೊದಲ ವರ್ಷ ಅವರು ಒಂದು ರಾಗವನ್ನೂ ಹೇಳಿಕೊಡಲಿಲ್ಲ. ಬರೀ ತಂತಿಯ ಮೇಲೆ ಬೋ ಎಳೆಸಿದರು. ಒಮ್ಮೆ ಅಳು ಬಂದು ಕೇಳಿದೆ, "ಸ್ವರ ಯಾವಾಗ್ರಿ ಸರ್?"

"ಸ್ವರ ಎಲ್ಲಿಗೂ ಓಡಿ ಹೋಗೂದಿಲ್ಲ ಯವ್ವಾ. ಕೈ ನಿಂದ್ರಲಿ ಮೊದಲ."

ಕೈ ನಿಂತಿತು. ಧಾರವಾಡದ ಸಂಗೀತ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದನ್ನು ಹೇಳಲು ಹೋದ ದಿನ ಅವರು ಬಾಗಿಲು ಮುಚ್ಚಿ, ತಮ್ಮ ವಯೊಲಿನ್ ತೆಗೆದು, ನಾನೆಂದೂ ಕೇಳದ ಒಂದು ಧಾಟಿ ಬಾರಿಸಿದರು. ಯಾವ ರಾಗಕ್ಕೂ ಪೂರ್ತಿ ಹೊಂದುತ್ತಿರಲಿಲ್ಲ. ಜೋಳ ಹಸನು ಮಾಡುವಾಗ ಅವರ ಹೆಂಡತಿ ಗುನುಗುತ್ತಿದ್ದುದಂತೆ. ಶಬ್ದ ಇರಲಿಲ್ಲ, ಬರೀ ದನಿ. ಆಕೆ ಹೋದ ಮೇಲೆ ಮರೆತೇನೆಂಬ ಹೆದರಿಕೆಗೆ ಅದನ್ನು ತಂತಿಗೆ ತಂದುಕೊಂಡಿದ್ದರು. ವರ್ಷಕ್ಕೊಮ್ಮೆ, ಆಕೆ ತೀರಿಕೊಂಡ ದಿನ, ಒಬ್ಬರೇ ಬಾರಿಸುತ್ತಿದ್ದರು. ಅವತ್ತು ಎರಡು ತಾಸು ಕೂತು ನನಗೆ ಕಲಿಸಿದರು.

"ಇದು ಮನಿಯೊಳಗಿಂದು" ಎಂದರು. ಹೊರಗೆ ಬಾರಿಸಬೇಡ ಎನ್ನಲಿಲ್ಲ. ಎನ್ನುವ ಜರೂರೇ ಅವರಿಗೆ ಕಂಡಿರಲಿಲ್ಲ.

ಧಾರವಾಡ ಮುಗಿಸಿ ಪುಣೆಗೆ ಹೋದೆ. ಸ್ಟುಡಿಯೋಗಳಲ್ಲಿ ಹತ್ತು ವಯೊಲಿನ್‌ಗಳ ನಡುವೆ ಒಂದಾಗಿ, ಬೇರೆಯವರು ಬರೆದದ್ದನ್ನು ಬಾರಿಸುತ್ತ ವರ್ಷಗಳು ಹೋದವು. ನಾಟಕಗಳಿಗೆ ಸಂಗೀತ ಮಾಡಿದೆ. ಹೆಸರು ಅಷ್ಟಷ್ಟೇ ಬಂತು. ಆಗ ಒಂದು ಸೀರೆ ಅಂಗಡಿಯ ಜಾಹೀರಾತಿಗೆ ಸಂಗೀತ ಮಾಡಲು ಕರೆ ಬಂತು. ನಾನು ಮಾಡಿಕೊಂಡು ಹೋದ ಮೂರು ಧಾಟಿಗಳೂ ನಿರ್ದೇಶಕನಿಗೆ ಹಿಡಿಸಲಿಲ್ಲ. "ತವರು ಮನೆ ನೆನಪಾಗಬೇಕು" ಎಂದ. ಎಲ್ಲರೂ ನನ್ನ ಮುಖ ನೋಡುತ್ತ ನಿಂತಿದ್ದರು. ವಯೊಲಿನ್ ಎತ್ತಿಕೊಂಡೆ, ಮಾಸ್ತರರ ಮನೆಯ ಧಾಟಿ ಬಾರಿಸಿಬಿಟ್ಟೆ. ಬೆರಳು ತಾನಾಗಿ ಹೋಯಿತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನನಗೆ ಗೊತ್ತಿತ್ತು.

ಜಾಹೀರಾತು ಎಲ್ಲ ಕಡೆ ಓಡಿತು. ನಮ್ಮೂರ ಪಕ್ಕದ ಬನಹಟ್ಟಿಯ ಅಂಗಡಿಗಳಲ್ಲಿ, ಆಟೋಗಳಲ್ಲಿ, ಮಂದಿಯ ಮೊಬೈಲುಗಳಲ್ಲಿ ಅದೇ. "ನನ್ನ ಮಗಳದು" ಎಂದು ಅಪ್ಪ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ನಾನು ಜಮಖಂಡಿಗೆ ಹೋಗಲು ನಾಲ್ಕು ತಿಂಗಳು ತೆಗೆದುಕೊಂಡೆ.

ಮಾಸ್ತರರು ಚಹಾ ಮಾಡಿದರು. ಪುಣೆಯ ಮಳೆ ಹೇಗಿದೆ ಎಂದು ಕೇಳಿದರು. ಆಮೇಲೆ ಚಹಾದ ಬಸಿ ಕೆಳಗಿಟ್ಟು ಹೇಳಿದರು, "ನೀ ಕೇಳಿದ್ರ ಕೊಡ್ತಿದ್ದೆ ಯವ್ವಾ."

"ತಪ್ಪಾತ್ರಿ ಸರ್."

"ಈ ಸಲ ಆಕಿ ದಿನಕ್ಕ ಬಾರ್ಸಾಕ ಕುಂತೆ. ಆಕಿ ಮಾರಿ ಕಣ್ಣ ಮುಂದ ಬರಲಿಲ್ಲ. ಸೀರಿ ಬಂದ್ವು."

ಸಿಟ್ಟಿನಿಂದ ಹೇಳಿದ್ದರೆ ಕಾಲು ಹಿಡಿದು ಅತ್ತು ಹಗುರಾಗುತ್ತಿದ್ದೆ. ಅವರು ಮೈಯಲ್ಲಿ ಆರಾಮಿಲ್ಲ ಎನ್ನುವ ಹಾಗೆ ಹೇಳಿದರು.

ಅದಾದ ಮೇಲೆ ಒಮ್ಮೆ ಮುಧೋಳದಲ್ಲಿ ನನ್ನ ಕಾರ್ಯಕ್ರಮವಿತ್ತು. ನಾನೇ ಕಟ್ಟಿದ ಕೃತಿಗಳು. ಮಾಸ್ತರರು ಎರಡನೇ ಸಾಲಿನಲ್ಲಿದ್ದರು. ತಪ್ಪು ತೊಳೆದುಕೊಳ್ಳುವ ಆಸೆಗೆ ಮೈಕ್ ಹಿಡಿದು, ಆ ಜಾಹೀರಾತಿನ ಧಾಟಿ ನನ್ನದಲ್ಲ, ನನ್ನ ಗುರುಗಳ ತೀರಿಹೋದ ಹೆಂಡತಿಯದು ಎಂದು ಅವರತ್ತ ಕೈ ತೋರಿಸಿ ಹೇಳಿದೆ. ಜನ ಹೊರಳಿ ಹೊರಳಿ ಅವರನ್ನು ನೋಡಿ ಚಪ್ಪಾಳೆ ಹೊಡೆದರು. ಅವರು ತಲೆ ತಗ್ಗಿಸಿ ಕೂತರು. ಮುಗಿದ ಮೇಲೆ ಹತ್ತಿರ ಹೋದೆ.

"ಛಲೋ ಬಾರಿಸಿದ್ರಿ" ಎಂದರು.

ಹದಿನಾಲ್ಕನೇ ವಯಸ್ಸಿನಿಂದ ನನ್ನನ್ನು ನೀ ಎಂದವರು. ಅವತ್ತಿನಿಂದ ಕೊನೆಯವರೆಗೂ ಫೋನಿನಲ್ಲಿ ನೀವು, ಮನೆಗೆ ಹೋದರೆ ಬರ್ರಿ, ಕುಂಡ್ರರಿ. ನನ್ನ ಜೊತೆ ಮಾತು ಬಿಡಲಿಲ್ಲ, ಮನೆಗೆ ಬರಬೇಡ ಎನ್ನಲಿಲ್ಲ. ಮತ್ತೆ ಕಲಿಸಲಿಲ್ಲ ಅಷ್ಟೇ. ನಾನೂ ಆ ಧಾಟಿಯನ್ನು ಮತ್ತೆ ಮುಟ್ಟಲಿಲ್ಲ.

ಹೋದ ವರ್ಷ ಬೀಳಗಿಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ನಾನು ಪುಣೆಯಲ್ಲಿ ರೆಕಾರ್ಡಿಂಗ್‌ನಲ್ಲಿದ್ದೆ. ಸುದ್ದಿ ತಿಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಮಗಳು, ಈಗ ಅವಳಿಗೂ ತಲೆ ನರೆತಿದೆ, ನನ್ನನ್ನು ಒಳಗೆ ಕೂಡಿಸಿ ಒಂದು ಮಾತು ಹೇಳಿದಳು.

"ಅವ್ವ ಹ್ವಾದಾಗ ನಾ ಕೂಸು. ಅಪ್ಪ ಅದನ್ನ ನನ್ನ ಮುಂದ ಎಂದೂ ಬಾರಿಸಿರಲಿಲ್ಲ. ನೀವು ಮುಧೋಳದಾಗ ಹೇಳಿದ್ದು ಕಿವಿಗೆ ಬಿದ್ದ ಮ್ಯಾಲೇ ಅದು ಅವ್ವಂದು ಅಂತ ನನಗ ಗೊತ್ತಾತು. ಜಾಹೀರಾತಿನಾಗ ತುಣುಕ ಅಷ್ಟ ಐತಿ. ಪೂರ್ತಿ ಒಮ್ಮೆ ಬಾರ್ಸ್ರಿ."

ರೆಕಾರ್ಡಿಂಗ್‌ನಿಂದ ಹಾಗೇ ತಂದಿದ್ದ ವಯೊಲಿನ್ ತೆಗೆದೆ. ಮೊದಲ ನಾಲ್ಕು ಸಾಲು ಬಂದವು. ಜಾಹೀರಾತಿಗೆ ಕತ್ತರಿಸಿಕೊಂಡಿದ್ದು ಅಷ್ಟೇ. ಮುಂದೆ ಅದು ಕೆಳಗಿನ ತಂತಿಗೆ ಇಳಿಯುತ್ತಿತ್ತು, ಅಲ್ಲೊಂದು ಕಡೆ ತಡೆದು ನಿಲ್ಲುತ್ತಿತ್ತು ಎಂಬುದು ನೆನಪಿತ್ತು. ಹೇಗೆ ಇಳಿಯುತ್ತಿತ್ತೆಂಬುದು ಕೈಗೆ ಬರಲಿಲ್ಲ. ಮತ್ತೊಮ್ಮೆ ಹಿಡಿದೆ, ಮಗದೊಮ್ಮೆ. ಧಾಟಿ ಕಟ್ಟುವುದೇ ನನ್ನ ಕಸುಬು. ನನ್ನದೇ ನಾಲ್ಕು ಸಾಲು ಜೋಡಿಸಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲ.

"ಮುಂದಿಂದು ಮರತೇನ್ರಿ" ಎಂದೆ.

"ಇರ್ಲಿ ಬಿಡ್ರಿ. ಬಂದಷ್ಟ ಇನ್ನೊಮ್ಮೆ ಬಾರ್ಸ್ರಿ" ಎಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಹತ್ತಿರ ಸರಿದು ಕೂತಳು.