ನನ್ನ ಕಿವಿಯೇ ಕೆಟ್ಟಿರಲಿ, ದೇವರೇ

ತಾನು ಕಿವುಡನಾಗಿರಲಿ ಎಂದು ದೇವರಿಗೆ ಕೈ ಮುಗಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಮುಗಿದೆ. ಎರಡು ತಿಂಗಳ ಹಿಂದೆ, ಒಂದು ಮಂಗಳವಾರ, ಹಾಡಹಗಲು, ಒಬ್ಬ ಬಸುರಿ ಹೆಣ್ಣುಮಗಳ ಹಾಸಿಗೆಯ ಪಕ್ಕದಲ್ಲಿ ಕೂತು.

ದೇವರ ಮಾತು ಬಂದರೆ ಮೂಗು ಮುರಿಯುವ ಡಾಕ್ಟರು ನಾನು ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತಿದೆ. (ಗೊತ್ತಿರುವುದರಿಂದಲೇ ನನಗೆ ಬೈದು ಪತ್ರ ಬರೆಯುತ್ತೀರಿ.) ಆ ದಿನ ಮಾತ್ರ ನನಗೆ ಬೇರೆ ದಾರಿ ಹೊಳೆಯಲಿಲ್ಲ.

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ನನ್ನ ದವಾಖಾನೆ. ವಾರಕ್ಕೆ ಎರಡು ದಿನ ಮಾತ್ರ ಅದಕ್ಕೆ ಕದ ಹಾಕಿ, ನವಲಗುಂದದ ಕಡೆಯ ಹಳ್ಳಿಗಳಿಗೆ ಫಟಫಟಿಯ (ಮೋಟಾರ್ ಸೈಕಲ್ಲಿನ) ಮೇಲೆ ಹೋಗುತ್ತೇನೆ. ಮಳೆಗಾಲದಲ್ಲಿ ಆ ಎರೆಮಣ್ಣು ಚಕ್ರವನ್ನು ಹಿಡಿದರೆ ಬಿಡುವುದಿಲ್ಲ. ಹೀಗಾಗಿ ನನ್ನ ಸವಾರಿ ಹೊರಡುವುದು ಚಳಿಗಾಲದಲ್ಲಿ, ಹತ್ತಿ ಬಿಡಿಸುವ ಹಂಗಾಮಿನಲ್ಲಿ.

ಆ ಹಂಗಾಮಿನಲ್ಲಿ ಊರಲ್ಲಿ ಯಾರಿರುತ್ತಾರೆ? ಎಲ್ಲರೂ ಹೊಲದಲ್ಲಿ. ಡಾಕ್ಟರು ಬರುತ್ತಾನೆಂದು ಮನೆಯಲ್ಲಿ ಕಾದು ಕೂತರೆ ಆ ದಿನದ ಕೂಲಿ ಹೋಯಿತು. ಅದಕ್ಕೆ ಅವರೇ ಒಂದು ಪದ್ಧತಿ ಮಾಡಿಕೊಂಡಿದ್ದರು. ನನ್ನ ಗಾಡಿಯ ಸಪ್ಪಳ ದೂರದಿಂದ ಕೇಳಿದ ಕೂಡಲೆ ಉಡಿಯ ಹತ್ತಿಯನ್ನು ಬದುವಿನ ಮೇಲೆ ಸುರಿದು, ಕೆಮ್ಮುವವರು, ಜ್ವರದವರು, ಬಸುರಿಯರು ಊರ ಕಡೆ ನಡೆಯುತ್ತಿದ್ದರು. ನಾನು ಗುಡಿಯ ಕಟ್ಟೆ ಮುಟ್ಟುವ ಹೊತ್ತಿಗೆ ಜನ ಸೇರಿರುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಸಲ ಗಾಳಿ ತಿರುಗಿ ಬೀಸಿ ಸಪ್ಪಳ ಹೊಲದ ತನಕ ಮುಟ್ಟಲಿಲ್ಲ. ಯಾರೂ ಬರಲಿಲ್ಲ. ಆಮೇಲೆ ನೀಲವ್ವ ಎಂಬ ಹಿರಿಯ ಹೆಣ್ಣುಮಗಳು ನನ್ನನ್ನೇ ದಬಾಯಿಸಿದಳು.

“ಕಳ್ಳರಗತೆ ಬಂದ್ ಹೋದ್ರ ನಮಗ ಹ್ಯಾಂಗ್ ಗೊತ್ತಾಗಬೇಕ್ರಿ ಸಾಹೇಬ್ರ? ಗಾಡಿ ಆವಾಜ ಇನ್ನಷ್ಟು ಜೋರ್ ಮಾಡ್ರಿ!”

ಮಾಡಿದೆ! ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬ ಸೈಲೆನ್ಸರಿನ ಹೊಟ್ಟೆಯೊಳಗಿದ್ದುದನ್ನೆಲ್ಲ ತೆಗೆದು, ಬರೀ ಕೊಳವೆ ಉಳಿಸಿಕೊಟ್ಟ. ಅಬ್ಬಾ, ಏನು ಆರ್ಭಟ! ನಮ್ಮ ಓಣಿಯ ನಾಯಿಗಳು ಮೊದಲ ದಿನ ದಿಕ್ಕಾಪಾಲಾದವು. ಹಳ್ಳಿಯವರಿಗೆ ಮಾತ್ರ ಖುಷಿಯೋ ಖುಷಿ. ನನಗೂ ಒಳಗೊಳಗೇ ಹೆಮ್ಮೆ. ಎರಡು ಮೈಲಿನಾಚೆಯಿಂದ ತಾನು ಬಂದದ್ದನ್ನು ಸಾರುವ ಡಾಕ್ಟರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದನೆ?

ಗಾಡಿ ಇಳಿದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಅನ್ನಲಿ ಬಿಡಿ, ರಾತ್ರಿ ಮಲಗಿ ಎದ್ದರೆ ಹೋಗುತ್ತದೆ ಎಂದುಕೊಂಡಿದ್ದೆ. ಮನೆಯಲ್ಲಿ ಹೆಂಡತಿ ಒಂದು ಮಾತನ್ನು ಎರಡು ಸಲ ಹೇಳಬೇಕಾಗುತ್ತಿತ್ತು. ಯಾವ ಗಂಡನಿಗೆ ಒಂದೇ ಸಲಕ್ಕೆ ಕೇಳಿಸುತ್ತದೆ, ಹೇಳಿ?

ಆ ಮಂಗಳವಾರ ನಾನು ಊರ ಅಗಸೆಬಾಗಿಲಿಗೆ ಬರುವಷ್ಟರಲ್ಲಿ ನೀಲವ್ವ ಅಡ್ಡ ನಿಂತಿದ್ದಳು. ಗಾಡಿ ಆರಿಸುವ ಮೊದಲೇ ಮಾತು ಶುರು ಮಾಡಿದಳು. ಅವಳ ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ. ಆರಿಸಿ ಇಳಿದ ಕೂಡಲೆ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡೇ ಹೋದಳು.

ಒಳಗೆ ಮಗಳು ಶಾಂತವ್ವ ಮಲಗಿದ್ದಳು. ಹೆರಿಗೆಗೆ ತವರಿಗೆ ಬಂದವಳು, ಎಂಟು ತಿಂಗಳು. ಮೊದಲನೆಯ ಕೂಸು ಹೊಟ್ಟೆಯಲ್ಲೇ ಹೋಗಿತ್ತು, ಇದು ಎರಡನೆಯದು. ನನ್ನನ್ನು ನೋಡಿ ಎದ್ದು ಕೂರಲು ಹೋದಳು.

“ನಿನ್ನೆ ಸಂಜಿಯಿಂದ ಕೂಸು ಹೊಳ್ಳೇ ಇಲ್ರಿ,” ಎಂದಳು. ಎರಡು ಸಲ ಹೇಳಿಸಿಕೊಂಡ ಮೇಲೆ ನನಗೆ ತಿಳಿಯಿತು: ಹೊಟ್ಟೆಯಲ್ಲಿ ಕೂಸು ಅಲುಗಾಡಿಲ್ಲ.

ಬಸುರಿಯ ಹೊಟ್ಟೆಯ ಮೇಲಿಟ್ಟು ಕೂಸಿನ ಎದೆ ಬಡಿತ ಕೇಳಲು ನಮ್ಮಲ್ಲಿ ಒಂದು ಮರದ ಕೊಳವೆ ಇರುತ್ತದೆ. ಒಂದು ತುದಿ ಹೊಟ್ಟೆಗೆ, ಇನ್ನೊಂದು ತುದಿ ನಮ್ಮ ಕಿವಿಗೆ. ಬಲು ಸಣ್ಣ ಸಪ್ಪಳ ಅದು. ಕೊಳವೆಯನ್ನು ಇಟ್ಟೆ, ಉಸಿರು ಹಿಡಿದೆ.

ಏನೂ ಇಲ್ಲ.

ಜಾಗ ಬದಲಿಸಿದೆ. ಎಡಕ್ಕೆ, ಬಲಕ್ಕೆ, ಹೊಕ್ಕಳ ಕೆಳಗೆ. ಕಿವಿಯ ತುಂಬ ಗುಂಯ್ ಎಂಬ ಅದೇ ಸದ್ದು, ಅದರಾಚೆಗೆ ಬರೀ ಖಾಲಿ. ಸತ್ತ ಕೂಸುಗಳನ್ನು ನಾನು ಕಂಡವನೇ, ಆದರೂ ತಾಯಿಗೆ ಅದನ್ನು ಹೇಳುವ ಮಾತು ಇನ್ನೂ ನನಗೆ ಒಗ್ಗಿಲ್ಲ. ಆ ಮಾತು ಬಾಯಿಯ ತನಕ ಬಂದಿತ್ತು.

ಆಗ ರೂಢಿಯಂತೆ ನಾಡಿ ನೋಡಲು ಕೈಗಡಿಯಾರ ತಿರುಗಿಸಿದೆ. ಯಾಕೆ ಹೊಳೆಯಿತೋ ಗೊತ್ತಿಲ್ಲ, ಅದನ್ನೇ ಕಿವಿಗೆ ಹಿಡಿದೆ. ಟಿಕ್ ಟಿಕ್ ಇಲ್ಲ! ನಿಂತಿದೆಯೇ ಎಂದು ನೋಡಿದರೆ ಸೆಕೆಂಡಿನ ಮುಳ್ಳು ತನ್ನ ಪಾಡಿಗೆ ತಾನು ಓಡುತ್ತಿದೆ. ಇನ್ನೊಂದು ಕಿವಿಗೆ ಹಿಡಿದೆ. ಅಲ್ಲೂ ಇಲ್ಲ.

ಓಡುವ ಗಡಿಯಾರವೇ ಕೇಳದ ಕಿವಿಗೆ ಹೊಟ್ಟೆಯೊಳಗಿನ ಕೂಸು ಕೇಳೀತೆ? ಹಾಗಾದರೆ ಕೂಸು ಬದುಕಿರಬಹುದು. ಬದುಕಿರದೆಯೂ ಇರಬಹುದು! ಗೊತ್ತು ಮಾಡಿಕೊಳ್ಳಲು ಆ ಮನೆಯಲ್ಲಿದ್ದ ಡಾಕ್ಟರನ ಕಿವಿಗಳು ಅವೆರಡೇ. ಹುಬ್ಬಳ್ಳಿಗೆ ಎತ್ತಿನ ಚಕ್ಕಡಿಯಲ್ಲಿ ಅರ್ಧ ದಿನದ ದಾರಿ, ಚಕ್ಕಡಿಗಳೆಲ್ಲ ಹೊಲದಲ್ಲಿ.

ನೀಲವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

“ಐತೋ ಇಲ್ಲೋ, ಅಷ್ಟ ಹೇಳ್ರಿ,” ಎಂದು ಕಿವಿಯ ಹತ್ತಿರವೇ ಬಂದು ಕೇಳಿದಳು.

“ನನ್ನ ಕಿವಿ ಕೆಲಸ ಮಾಡವಲ್ದು, ನೀಲವ್ವ. ಗಾಡಿ ಸಪ್ಪಳಕ್ಕ ಮಂದ ಆಗ್ಯಾವು. ಸ್ವಲ್ಪ ತಡೀರಿ, ಮತ್ತ ನೋಡ್ತೀನಿ.”

“ಡಾಕ್ಟರಗ ಕಿವಿ ಕೇಳಸವಲ್ದಂತ! ಯಾಕ್ರಿ ಸುಳ್ಳ ಹೇಳ್ತೀರಿ? ಹ್ವಾದ ಸಲ ಮೊದಲನೇ ಕೂಸಿಗೂ ಆ ಬ್ಯಾರೇ ಡಾಕ್ಟರು ಹಿಂಗ ತಡೀರಿ ತಡೀರಿ ಅಂದಿದ್ರು.” ಅವಳು ಗೋಡೆಗೆ ಒರಗಿ ಕುಸಿದಳು. ಶಾಂತವ್ವ ಅಳಲಿಲ್ಲ. ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ತೊಲೆಯನ್ನು ನೋಡುತ್ತಿದ್ದಳು. ಆ ನೋಟಕ್ಕಿಂತ ಅವಳು ಅತ್ತಿದ್ದರೇ ನನಗೆ ವಾಸಿಯಿತ್ತು.

ಕೊಳವೆಯನ್ನು ನೀಲವ್ವನ ಕೈಗೆ ಕೊಟ್ಟು ನೋಡಿದೆ. ಅವಳು ಕಿವಿ ಇಟ್ಟು, “ಏನೋ ಗುಡುಗುಡು ಅಂತೈತ್ರಿ,” ಎಂದಳು. ಅದು ಕರುಳಿನ ಸಪ್ಪಳವೂ ಇರಬಹುದು. ಅಭ್ಯಾಸವಿಲ್ಲದ ಕಿವಿಯನ್ನು ನಂಬಿ ಹೌದೆನ್ನಲೆ, ಇಲ್ಲವೆನ್ನಲೆ?

ಮಗಳನ್ನು ಎಡಮಗ್ಗುಲಿಗೆ ಮಲಗಿಸಿ, ಬೆಲ್ಲದ ನೀರು ಕುಡಿಸಲು ಹೇಳಿ, ಎರಡೂ ಕಿವಿಗೆ ಬೆರಳಿಟ್ಟು ಕೂತೆ. ಹಿತ್ತಲಲ್ಲಿ ಯಾರೋ ಒನಕೆ ಹಾಕುತ್ತಿದ್ದರು, ಅದನ್ನೂ ನಿಲ್ಲಿಸಿದೆ. ಆಗಲೇ ನಾನು ಬೆರಳು ತೆಗೆದು ಕೈ ಮುಗಿದದ್ದು. ದೇವರೇ, ನನ್ನ ಕಿವಿಯೇ ಕೆಟ್ಟಿರಲಿ. ಪೂರ್ತಿ ಕೆಟ್ಟಿರಲಿ. ತಪ್ಪು ಅಲ್ಲೇ ಇರಲಿ, ಹೊಟ್ಟೆಯಲ್ಲಿ ಬೇಡ.

ಎಂಥ ಬೇಡಿಕೆ ನೋಡಿ! ಕಿವಿ ಹೋದರೆ ನನ್ನ ಹೊಟ್ಟೆಪಾಡು ಹೋಯಿತು. ಎದೆ ಕೇಳದ ಡಾಕ್ಟರ ಹತ್ತಿರ ಯಾರು ಬಂದಾರು? ಆದರೂ ಆ ಹೊತ್ತಿಗೆ ಅದೇ ಬೇಕಾಗಿತ್ತು. ನಡುನಡುವೆ ಗಡಿಯಾರವನ್ನು ಕಿವಿಗೆ ಹಿಡಿಯುತ್ತಿದ್ದೆ, ಕೆಳಗಿಡುತ್ತಿದ್ದೆ. ಬಿಸಿಲು ಅಂಗಳ ದಾಟಿ ಹೊಸ್ತಿಲಿಗೆ ಬಂತು. ಆಮೇಲೆ ಎಲ್ಲೋ ದೂರದಲ್ಲಿ, ಬೇರೆ ಯಾರದೋ ಗಡಿಯಾರ ಎಂಬಂತೆ, ಟಿಕ್ ಎಂದಿತು.

ಕೊಳವೆ ಇಟ್ಟೆ. ಮೊದಲು ಗುಂಯ್. ಅದರ ಕೆಳಗೆ, ಲಗುಬಗೆಯಿಂದ ಓಡುವ ಒಂದು ಸಣ್ಣ ಬಡಿತ. ಕಳೆಯಿತು. ಮತ್ತೆ ಸಿಕ್ಕಿತು. ಶಾಂತವ್ವನ ನಾಡಿ ಹಿಡಿದು ತಾಳೆ ನೋಡಿದೆ. ಅವಳದಲ್ಲ, ಅದಕ್ಕಿಂತ ಎಷ್ಟೋ ವೇಗ. ಕೂಸಿನದೇ!

“ಐತಿ, ನೀಲವ್ವ! ಐತಿ!” ಎಂದು ಅವಳು ಕೇಳಿದ ಮಾತಿನಲ್ಲೇ ಕೂಗಿಬಿಟ್ಟೆ. ನೀಲವ್ವ ಎದ್ದು ಬಂದು ನನ್ನ ಬೆನ್ನಿಗೆ ಒಂದು ಗುದ್ದಿದಳು. ಆಶೀರ್ವಾದವೋ ಸಿಟ್ಟೋ ಇನ್ನೂ ತಿಳಿದಿಲ್ಲ. ಅಂದೇ ಚಕ್ಕಡಿ ಕಟ್ಟಿಸಿ ತಾಯಿ ಮಗಳನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಮುಂದೆ ಅಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು, ಗಟ್ಟಿಮುಟ್ಟಾಗಿದೆ.

ಕಥೆ ಸುಖವಾಗಿ ಮುಗಿಯಿತಲ್ಲ ಎನ್ನುತ್ತೀರಾ? ನನ್ನ ಹೆದರಿಕೆ ಶುರುವಾದದ್ದೇ ಆಮೇಲೆ.

ಧಾರವಾಡದಲ್ಲಿ ಕಿವಿ ಡಾಕ್ಟರಾಗಿರುವ ಹಳೆಯ ಸಹಪಾಠಿಯ ಹತ್ತಿರ ಹೋದೆ. (ಬಸ್ಸಿನಲ್ಲಿ ಹೋದೆ.) ಅವನು ಬೇರೆಬೇರೆ ದನಿಯ ಉಕ್ಕಿನ ಕವಲುಕಡ್ಡಿ (ಟ್ಯೂನಿಂಗ್ ಫೋರ್ಕ್) ಬಾರಿಸಿ ಕಿವಿಯ ಹತ್ತಿರ ಹಿಡಿದ. ದಪ್ಪ ದನಿಯವು ಕೇಳಿದವು. ತೀರ ಸಣ್ಣ ದನಿಯದನ್ನು ಹಿಡಿದಾಗ ನಾನು ಸುಮ್ಮನೆ ಕೂತಿದ್ದೆ. ಅವನ ಮುಖ ನೋಡಿದ ಮೇಲೆ ಅದನ್ನೂ ಬಾರಿಸಿದ್ದನೆಂದು ಗೊತ್ತಾಯಿತು.

“ಬಳಲಿದ ಕಿವಿ ಸ್ವಲ್ಪ ವಿಶ್ರಾಂತಿ ಸಿಕ್ರ ಸುಧಾರಿಸ್ತದ. ಮ್ಯಾಲಿಂದ ಮ್ಯಾಲ ಹಿಂಗ ಹೊಡಕೋತ ಹೋದ್ರ ಸುಧಾರಿಸಂಗಿಲ್ಲ. ಇಷ್ಟು ಹೋಗ್ಯದ, ಇದು ಇನ್ನ ತಿರುಗಿ ಬರಂಗಿಲ್ಲ. ನೀನೂ ಓದಿದ್ದಲ್ಲಲೇ ಇದನ್ನ?”

ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತೊಗೊಂಡಿದ್ದೆ.

“ಸೈಲೆನ್ಸರ್ ಹಾಕಿಸಿಬಿಡ್ತೀನಿ,” ಎಂದೆ.

“ಹಾಕಸು. ಆದ್ರ ಅಷ್ಟಕ್ಕ ಮುಗೀತು ಅನಕೋಬ್ಯಾಡ. ಗಾಡಿ ಜೋರ್ ಬಿಟ್ರ ಗಾಳಿ ಸಪ್ಪಳಾನೂ ಅಷ್ಟ ಕೆಟ್ಟ. ಕಿವ್ಯಾಗ ಒಣಾ ಹತ್ತಿ ತುರುಕಿದ್ರ ಬರೇ ಸಮಾಧಾನ ಅಷ್ಟ. ವ್ಯಾಸಲೀನ್ ಹಚ್ಚಿ ನಾದಿ ಇಟ್ಟಕೋ, ಮ್ಯಾಲ ರುಮಾಲು ಕಟ್ಟು.”

“ಹಿಂದಿನ ಲಾರಿ ಹಾರ್ನ್ ಕೇಳಬೇಕಲ್ಲೋ?”

“ಕೇಳಸ್ತದ. ಹಾರ್ನ್ ಅಲ್ಲ, ನಿನ್ನ ರೋಗಿಗಳು ಕೇಳಸ್ತಾರೋ ಇಲ್ಲೋ ಅದನ್ನ ವಿಚಾರ ಮಾಡು!”

ಈಗ ಹತ್ತಿ ಬಿಡಿಸುವ ಸೀಮೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುತ್ತೇನೆ. ಫಟಫಟಿ ಸಭ್ಯವಾಗಿದೆ. ನಾನು ಬಂದದ್ದನ್ನು ತಿಳಿಸಲು ಊರವರು ಗುಡಿಯ ಗಂಟೆ ಹೊಡೆಯುತ್ತಾರೆ. (ಗಂಟೆ ಹೊಡೆಯುವವನ ಕಿವಿಯ ಚಿಂತೆಯೂ ಈಗ ನನ್ನದೇ.) ಮೊದಲಿನಷ್ಟು ಜನ ಸೇರುವುದಿಲ್ಲ. ಫಟಫಟಿಯ ಸದ್ದು ಮುಟ್ಟುತ್ತಿದ್ದ ಹೊಲಗಳಿಗೆಲ್ಲ ಗಂಟೆ ಮುಟ್ಟುವುದಿಲ್ಲ. ಅವರು ಬರಲಿಲ್ಲವಲ್ಲ ಎಂಬ ಸಂಕಟ ಬೇರೆ.

ಹುಬ್ಬಳ್ಳಿಯ ರಸ್ತೆಗಳಲ್ಲಿ ಸೈಲೆನ್ಸರ್ ಕಿತ್ತ ಗಾಡಿಗಳ ಮೇಲೆ ಎದೆಯುಬ್ಬಿಸಿ ಹೋಗುವ ತರುಣರನ್ನು ನೋಡಿದರೆ ನನಗೆ ಈಗ ಬೆವರು ಬರುತ್ತದೆ. ಕಾಲು ಮುರಿದರೆ ನೋವಾಗುತ್ತದೆ, ಕಣ್ಣು ಮಂದವಾದರೆ ಗೋಡೆಗೆ ಹಾಯುತ್ತೇವೆ. ಕಿವಿ ಮಾತ್ರ ಹೇಳದೆ ಹೋಗುತ್ತದೆ. ಕೇಳದೆ ಇರುವುದು ಕೇಳುತ್ತಿಲ್ಲ ಎಂದು ಯಾರಿಗೆ ಗೊತ್ತಾಗುತ್ತದೆ?

ಮೊನ್ನೆ ಬಾಣಂತಿಯನ್ನು ನೋಡಲು ಹೋಗಿದ್ದೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ನೀಲವ್ವ, “ನನ್ನದೂ ಒಂದೀಟು ಎದಿ ನೋಡ್ರಿ, ನಾಕ ಹೆಜ್ಜಿ ಹಾಕಿದ್ರ ದಮ್ಮ ಬರ್ತೈತಿ,” ಎಂದಳು. ಕಿವಿಯ ಹತ್ತಿ ತೆಗೆದು ಸ್ಟೆತೋಸ್ಕೋಪ್ ಇಟ್ಟೆ. ಎರಡು ಬಡಿತಗಳ ನಡುವೆ ಒಂದು ಸಣ್ಣ ಸುಯ್ಯೆಂಬ ಸಪ್ಪಳ. ಹೃದಯದ ಕವಾಟ ಸರಿಯಿಲ್ಲದವರಲ್ಲಿ ಬರುವಂಥದು. ಔಷಧ ಕೊಡಬಹುದು, ರೋಗ ಬೇಗ ಗೊತ್ತಾದಷ್ಟೂ ಒಳ್ಳೆಯದು.

“ಏನರ ಕೇಳಸ್ತೇನ್ರಿ?” ಎಂದಳು. “ಹ್ವಾದ ವರ್ಷ ಇದ ದಮ್ಮಿಗೆ ತೋರಿಸಿದ್ನಿ. ಎದಿ ಸ್ವಚ್ಛ ಅದ, ಆರಾಮ ಹೊಲಕ್ಕ ಹೋಗ್ರಿ ಅಂದಿದ್ರಿ.”

ಹೌದು, ಅಂದಿದ್ದೆ. ಫಟಫಟಿಯಿಂದ ಇಳಿದವನೇ, ಗುಡಿಯ ಕಟ್ಟೆಯ ಮೇಲೆ ಕೂತು ಅಂದಿದ್ದೆ. ಅವಳು ನಂಬಿ ವರ್ಷವಿಡೀ ಹೊಲಕ್ಕೆ ಹೋದಳು.

ಈ ಸಪ್ಪಳ ಈಗ ಬಂದದ್ದೋ, ಆಗಲೂ ಇದ್ದದ್ದೋ, ನಾನು ಯಾರನ್ನು ಕೇಳಲಿ?