ಕೆಂಗೇರಿಗೆ ಹುಣಸೆರಸ ಕೊಂಡೊಯ್ದ ದಿನ

ಮನುಷ್ಯನ ನಾಗರಿಕತೆ ಕಲ್ಲಿನಿಂದ ಶುರುವಾಯಿತೆಂದು ಬಲ್ಲವರು ಹೇಳುತ್ತಾರೆ. ನಮ್ಮ ಮನೆಯ ಶಾಂತಿ ಕಲ್ಲಿನಿಂದಲೇ ಹಾಳಾಗಿತ್ತು. ಹದಿನೆಂಟು ವರ್ಷದ ಹಿಂದೆ ಅಡುಗೆಕಟ್ಟೆಗೆ ಬಿಳಿ ಅಮೃತಶಿಲೆ ಆರಿಸಿದವನು ನಾನು. ದಿನವೂ ಹುಣಸೆ, ನಿಂಬೆ ಬೀಳುವ ಮನೆಯಲ್ಲಿ ಅದರ ಹೊಳಪು ಮೊದಲ ಯುಗಾದಿಯವರೆಗೂ ಉಳಿಯಲಿಲ್ಲ. ಆಮೇಲೆ ಬದನೆಕಾಯಿ ಆರಿಸುವ ಅಧಿಕಾರವೂ ನನಗಿರಲಿಲ್ಲ. ಈಗ ಕಟ್ಟೆ ಬಿರುಕು ಬಿಟ್ಟಿತ್ತು. ಹೊಸ ಕಲ್ಲನ್ನೂ ನಾನೇ ಆರಿಸುತ್ತೇನೆಂದೆ.

"ಇದೇ ಲಾಸ್ಟ್ ಚಾನ್ಸು ಕಣ್ರೀ," ಎಂದಳು ಹೆಂಡತಿ ಸರೋಜ.

ಬೆಳಿಗ್ಗೆ ಹತ್ತಕ್ಕೆ ಆರ್‌ಪಿಸಿ ಲೇಔಟಿನಿಂದ ನಡೆದು ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ಬಿಸಿಲು ಆಗಲೇ ಚುರುಕಾಗಿತ್ತು. ಸರೋಜಳ ಚೀಲದಲ್ಲಿ ಸ್ಟೀಲ್ ಡಬ್ಬಿ, ಚಮಚ ಕಂಡು ತಿಂಡಿಯೆಂದು ಹಿಗ್ಗಿದೆ. ಅರ್ಧ ಗಂಟೆಯೊಳಗೆ ಕೆಂಗೇರಿ. ಅಲ್ಲಿಂದ ಆಟೋದಲ್ಲಿ ಕಲ್ಲಿನಂಗಡಿ.

ಆಳೆತ್ತರದ ಚಪ್ಪಡಿಗಳು ಸಾಲಾಗಿ ಒರಗಿದ್ದವು. ಎರಡು ಬಿಳಿ ಕಲ್ಲುಗಳ ಮುಂದೆ ನಿಂತುಬಿಟ್ಟೆ. "ಎರಡೂ ಕ್ವಾರ್ಟ್ಜೈಟೇ ಸಾರ್, ಗ್ರಾನೈಟ್‌ಗಿಂತ ಗಟ್ಟಿ," ಎಂದ ಮಾಲೀಕ. ಹೆಚ್ಚು ಹೊಳೆಯುತ್ತಿದ್ದ ಎಡಗಡೆಯದಕ್ಕೆ ಕೈ ತೋರಿಸಿದೆ.

ಸರೋಜ ಎರಡರ ಸ್ಯಾಂಪಲ್ ತುಂಡುಗಳನ್ನೂ ತರಿಸಿ ಡಬ್ಬಿ ತೆರೆದಳು. ಒಳಗಿದ್ದದ್ದು ಹುಣಸೆರಸ! ಒಂದೊಂದರ ಮೇಲೂ ಒಂದೊಂದು ಚಮಚ ಸುರಿದಳು.

"ಏನಮ್ಮಾ, ಅಂಗಡೀಲೇ ಸಾರು ಮಾಡ್ತೀರಾ?" ಎಂದ ಮಾಲೀಕ.

"ನೀವು ಒಗ್ಗರಣೆ ರೆಡಿ ಮಾಡ್ಕೊಳ್ಳಿ. ಕಾಲು ಗಂಟೆ ಇರ್ಲಿ."

ಒರೆಸಿದಾಗ ನನ್ನ ಕಲ್ಲಿನ ಮೇಲೆ ಮಬ್ಬು ಕಲೆ. ಮತ್ತೆ ಅಮೃತಶಿಲೆಯನ್ನೇ ಆರಿಸಿದ್ದೆ. ಮಾಲೀಕ ಕೆಮ್ಮಿದ. ಇನ್ನೊಂದರ ಹೊಳಪು ಒಂದಿಷ್ಟೂ ಮಾಸಿರಲಿಲ್ಲ. ಸೋಲೊಪ್ಪದೆ ಅದರ ಮೇಲೆ ಚಮಚದ ಹಿಡಿಯನ್ನು ಒತ್ತಿ ಎಳೆದೆ. ಬೂದು ಗೆರೆ ಮೂಡಿತು. ಸರೋಜಳ ಮುಖ ಇಳಿಯಿತು.

ಗದಗದ ಕಡೆಯ ಕೆಲಸಗಾರ ಬಸಪ್ಪ ಒದ್ದೆ ಬಟ್ಟೆಯಿಂದ ತಿಕ್ಕಿದ. ಗೆರೆ ಮಾಯ. "ಕಲ್ಲು ಗೀರಿಲ್ರೀ ಸರ, ನಿಮ್ಮ ಚಮಚಾನ ಸವದೈತಿ. ನಮ್ಮ ಹೊಲದಾಗ ಬೀಳ್ತಾವಲ್ರೀ ಬೆಣಚುಕಲ್ಲು, ಅದರ ಜಾತೀದು ಇದು."

ಬೆಣಚುಕಲ್ಲು! ಚಿಕ್ಕಂದಿನಲ್ಲಿ ಕುಟ್ಟಿ ಕಿಡಿ ಹಾರಿಸಿದ್ದು, ಎಡವಿದಾಗ ಬೈದು ಎಸೆದದ್ದು, ಗಾರೆಗೆ ಕಲೆಸುವ ಮರಳಿನಲ್ಲಿ ಬಹುಪಾಲು ಇರುವುದು ಇದೇ. ಇಲ್ಲಿ ಮಹಾರಾಜನಂತೆ ನಿಂತಿತ್ತು. "ಭೂಮಿ ತುಂಬಾ ಬಿದ್ದಿದೆ ಕಣೇ ಇದು!" ಎಂದು ಕೂಗಿಬಿಟ್ಟೆ.

"ಮೆಲ್ಲಗೆ ರೀ, ಮೆಚ್ಚಿದ್ದು ಗೊತ್ತಾದ್ರೆ ರೇಟ್ ಏರಿಸ್ತಾರೆ."

ಮಧ್ಯಾಹ್ನದ ಮೆಟ್ರೋದಲ್ಲಿ ಸೀಟು ಸಿಗಲಿಲ್ಲ. ಗುರುವಾರ ಬಲಗಡೆಯ ಕಲ್ಲನ್ನು ಕೂರಿಸಿದರು. ಆರಿಸಿದ್ದು ಸರೋಜ.