ಬಿಸಿನೀರನ್ನು ಐಸ್ ಮಾಡಿದವನು

ನಮ್ಮ ಮನೆಯಲ್ಲಿ ‘ಹ’ ಎಂಬ ಅಕ್ಷರ ಯಾರ ಬಾಯಿಂದಲೂ ಹೊರಬಿದ್ದದ್ದಿಲ್ಲ. ಹಾಲು ಆಲು, ಹೊಲ ಒಲ, ಹಸು ಅಸು. ಅವರೆಕಾಯಿ ಕಾಲ ಬಂತೆಂದರೆ ಅವ್ವ ಕಾಳಿನ ಸಿಪ್ಪೆಯ ಜೊತೆಗೆ ಹಿದುಕಿದ ಬೇಳೆಯ ‘ಹ’ವನ್ನೂ ಹಿದುಕಿ ಎಸೆದು, ಇದುಕಿದ ಬೇಳೆ ಸಾರು ಮಾಡುತ್ತಾಳೆ. ರುಚಿಗೇನೂ ಕಮ್ಮಿಯಾಗಿಲ್ಲ. ಕೊಣನೂರು ಸಂತೆಯಲ್ಲಿ ‘ಊಕೋಸು’ ಕೇಳಿದರೂ ತೂಗಿ ಕೊಡುತ್ತಾರೆ. ಹೀಗೆ ಇಪ್ಪತ್ತನಾಲ್ಕು ವರ್ಷ ‘ಹ’ದ ಹಂಗಿಲ್ಲದೆ ಬದುಕಿದವನು ಜರ್ಮನ್ ಕಲಿಯಲು ಹೊರಟೆ.

ನರ್ಸಿಂಗ್ ಮುಗಿಸಿದ್ದೆ. ಜರ್ಮನಿಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಸ್ಪತ್ರೆಯವರು ನನ್ನನ್ನು ಸೇರಿಸಿಕೊಳ್ಳಲು ಒಪ್ಪಿದ್ದರು. ಭಾಷೆಯ ಪರೀಕ್ಷೆ ಪಾಸಾಗಬೇಕು, ಅದೊಂದೇ ಷರತ್ತು. ಓದುವುದು, ಬರೆಯುವುದು, ಕೇಳಿಸಿಕೊಳ್ಳುವುದು ಮೂರೂ ದಾಟಿದೆ. ಮಾತಾಡುವುದರಲ್ಲಿ ಎರಡು ಸಲ ಫೇಲಾದೆ. ಮೂರನೆಯ ಸಲವೂ ಆಗದಿದ್ದರೆ ಜಾಗ ಬೇರೆಯವರಿಗೆ ಎಂದು ಅಲ್ಲಿಂದ ಪತ್ರ ಬಂತು. ಎಲ್ಲದಕ್ಕೂ ಹಲ್ಲು ಕಿರಿಯುವ ನಾನು ಆ ಪತ್ರಕ್ಕೆ ಮಾತ್ರ ಕಿರಿಯಲಿಲ್ಲ. ಈ ಜನ್ಮದಲ್ಲಿ ನಾನಾಗಿ ಬೇಕು ಎಂದು ಆಸೆಪಟ್ಟದ್ದು ಅದೊಂದೇ.

ಕ್ಲಾಸು ಹಾಸನದಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ. ಕಲಿಸುವ ಮೇಡಂ ಮಂಗಳೂರು ಕಡೆಯವರು. ಮೊದಲ ದಿನವೇ ಎದ್ದು ನಿಂತು ‘ನಾನು ಹಾಸನದವನು’ ಎಂದು ಜರ್ಮನ್‌ನಲ್ಲಿ ಹೇಳಬೇಕಾಗಿತ್ತು: ‘ಇಶ್ ಕೊಮ್ಮೆ ಔಸ್ ಹಾಸನ್.’ ನಾನು ಅಂದದ್ದು ‘ಔಸ್ ಆಸನ್.’

“‘ಹ’ ಎಲ್ಲಿ ಮಾರಾಯ?” ಎಂದರು ಮೇಡಂ.

ಇದ್ದಬದ್ದ ಉಸಿರೆಲ್ಲ ಒಟ್ಟು ಮಾಡಿ ಒಂದು ‘ಹ’ ಎಸೆದೆ. ಅದು ಹೋಗಿ ಪಕ್ಕದ ಪದಕ್ಕೆ ಬಿತ್ತು. “ಇಶ್ ಕೊಮ್ಮೆ ಹೌಸ್ ಆಸನ್!”

ಜರ್ಮನ್‌ನಲ್ಲೂ ಹೌಸ್ ಎಂದರೆ ಮನೆಯೇ. ಮನೆ ಬಂತು, ಕೂರಲು ಆಸನವೂ ಬಂತು, ನಾನು ಮಾತ್ರ ಎಲ್ಲಿಂದಲೂ ಬರಲಿಲ್ಲ.

“ನಿಮ್ಮೂರಿನ ಹೆಸರಲ್ಲೇ ‘ಹ’ ಉಂಟಲ್ಲ, ಅದನ್ನಾದ್ರೂ ಹೇಳ್ಲಿಕ್ಕೆ ಬರುದಿಲ್ವಾ?”

“ಬತ್ತದೆ ಮೇಡಂ, ಬರ್ಯಕ್ಕೆ.”

ಕ್ಲಾಸೆಲ್ಲ ನಕ್ಕಿತು. ಮೇಡಂ ಮಾತ್ರ ನಗದೆ ಒಂದು ಉಪಾಯ ಕಲಿಸಿದರು. ಬಾಯಿ ಮುಂದೆ ಕಾಗದದ ಚೂರು ಹಿಡಿದು ‘ಹ’ ಅನ್ನಬೇಕು, ಕಾಗದ ಅಲ್ಲಾಡಿದರೆ ‘ಹ’ ಬಂದಂತೆ. ಎರಡು ಸಲ ಫೇಲಾದ ಮೇಲೂ ಅದನ್ನೇ ಮಾಡುತ್ತಿದ್ದೆ. ಒಂದು ದಿನ ಅಡುಗೆಮನೆಯಲ್ಲಿ ಕೂತು ಮಾಡುವಾಗ ಅವ್ವ ಕೇಳಿದಳು.

“ಅದ್ಯಾಕ್ಲಾ ಪೇಪರ್ಗೆ ಉಗೀತಾ ಕುಂತಿದ್ದೀಯ?”

“ಉಗೀತಿಲ್ಲ ಕಣವ್ವ, ‘ಅ’ ಅಂತಿದ್ದೀನಿ.”

“ಅಂಗಾರೆ ಅನ್ನು. ‘ಅ’.”

“ಆ ‘ಅ’ ಅಲ್ಲ ಕಣವ್ವ, ‘ಅ’!”

“ನಾನೂ ಅದ್ನೇ ಅಲ್ವೇನ್ಲಾ ಅಂದಿದ್ದು? ‘ಅ’!”

ತಾಯಿ ಮಗ ಇಬ್ಬರೂ ಅಷ್ಟು ಹೊತ್ತು ಅರಚಿದರೂ ಕಾಗದ ಮಿಸುಕಲಿಲ್ಲ. ಕೊನೆಗೆ ಅವ್ವ ಕುದಿಯುವ ಸಾರಿನಲ್ಲಿ ಸೌಟು ಅದ್ದಿ, ಒಂದು ತೊಟ್ಟು ನನ್ನ ನಾಲಿಗೆಗೆ ಬಿಟ್ಟಳು. “ಹಾ! ಹಾ! ಹಾ!” ಎಂದು ಕುಣಿದೆ. ಕಾಗದ ಹಾರಿ ಒಲೆಗೆ ಬಿತ್ತು.

“ಬಂತಲ್ಲಲಾ! ಪರೀಕ್ಸೆಗೆ ಒಂದು ಡಬ್ಬಿ ಸಾರು ತಕ್ಕಂಡೋಗು.”

ತಮಾಷೆಗೆ ಅಂದಳೋ ನಿಜವಾಗಿ ಅಂದಳೋ ತಿಳಿಯಲಿಲ್ಲ. ತೆಗೆದುಕೊಂಡು ಹೋಗಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮೂರನೆಯ ಪರೀಕ್ಷೆಗೆ ಬೆಂಗಳೂರಿನ ಬಸ್ಸು ಹತ್ತಿದೆ. ಶಾಂತಿಗ್ರಾಮ ದಾಟುವಾಗ ಶುರು ಮಾಡಿದ ‘ಹ, ಹ, ಹ’ ಚನ್ನರಾಯಪಟ್ಟಣ ಬಂದರೂ ನಿಂತಿರಲಿಲ್ಲ. ಪಕ್ಕದಲ್ಲಿದ್ದ ಹಿರಿಯರು ಎದ್ದು ನನಗೆ ಕಿಟಕಿ ಸೀಟು ಬಿಟ್ಟುಕೊಟ್ಟರು.

“ಉಬ್ಸ ಏನಪ್ಪ? ಗಾಳಿ ತಕೋ.”

“ಇಲ್ಲ ಸಾ, ಜರ್ಮನ್.”

“ಈಗ ಯಾವ್ಯಾವ್ ಕಾಯ್ಲೆ ಬತ್ತವೋ” ಎಂದು ಅವರು ಮರುಗಿದರು.

ಪರೀಕ್ಷಕಿಯಾಗಿ ಎದುರು ಕೂತ ಬೇರೊಬ್ಬ ಮೇಡಂ ಅಜ್ಜಿಯಂತೆ ನಟಿಸಿದರು. ನಾನು ಅವರಿಗೆ ಸ್ನಾನ ಮಾಡಿಸುವ ನರ್ಸ್. ನೀರು ತುಂಬ ಬಿಸಿಯಿದೆ, ಸ್ವಲ್ಪ ತಾಳಿ ಎಂದು ಎಚ್ಚರಿಸಬೇಕಿತ್ತು. ಬಿಸಿ ಎನ್ನುವುದಕ್ಕೆ ಜರ್ಮನ್‌ನಲ್ಲಿ ‘ಹೈಸ್’. ಅದರ ‘ಹ’ ಬಿದ್ದುಹೋದರೆ ಉಳಿಯುವುದು ‘ಐಸ್’. ಅಲ್ಲೂ ಐಸ್ ಎಂದರೆ ಐಸೇ.

“ಜೋಪಾನ ಅಜ್ಜಿ, ನೀರು ತುಂಬ ಐಸ್” ಎಂದೆ, ಜರ್ಮನ್‌ನಲ್ಲಿ.

“ಐಸ್?” ಎಂದು ಆ ಮೇಡಂ ಶಾಲು ಎಳೆದುಕೊಂಡರು.

ಗಾಬರಿಯಾಯಿತು. ಕುದಿಯುವ ಸಾರನ್ನು ನೆನೆಸಿಕೊಂಡೆ. ‘ಹ’ಗಳು ಬಂದವು, ಆದರೆ ಬೇಕಾದ ಕಡೆ ಬಿಟ್ಟು ಉಳಿದೆಲ್ಲ ಕಡೆ ಹೋಗಿ ಕೂತವು. ‘ಇಶ್’ ಹಿಶ್ ಆಯಿತು. ‘ಮತ್ತು’ ಎನ್ನುವುದಕ್ಕಿರುವ ‘ಉಂಟ್’ ಹುಂಟ್ ಆಯಿತು. ಹುಂಟ್ ಎಂದರೆ ನಾಯಿ. ಆ ಅಜ್ಜಿಗೆ ನಾನು ಒಟ್ಟಾರೆ ಹೇಳಿದ್ದು ಇಷ್ಟು: ನೀರು ಐಸ್ ಆಗಿದೆ ನಾಯಿ ನಾನು ಸ್ನಾನ ಮಾಡಿಸುತ್ತೇನೆ.

ಆ ಮೇಡಂ ನಗಲಿಲ್ಲ. ಕಣ್ಣು ತಗ್ಗಿಸಿ ಮೆಲ್ಲಗೆ ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತು. ಉಳಿಯುವುದಿಲ್ಲ ಎಂದು ಗೊತ್ತಾದ ಪೇಷೆಂಟಿನ ಮನೆಯವರಿಗೆ ವಾರ್ಡಿನಲ್ಲಿ ನಾವು ಹಾಗೇ ತಲೆಯಾಡಿಸುತ್ತೇವೆ.

ಫಲಿತಾಂಶ ಮೊಬೈಲಿಗೆ ಬಂದಾಗ ಅವ್ವ ಜಗುಲಿಯಲ್ಲಿ ಅವರೆಕಾಳು ಹಿದುಕುತ್ತಿದ್ದಳು. ನನ್ನ ಮುಖ ನೋಡಿ ಕೈ ನಿಲ್ಲಿಸಿದಳು.

“ಏನಂತ್ಲಾ?”

“ಹೋಯ್ತವ್ವ.”

ಎಷ್ಟು ಸ್ಪಷ್ಟವಾಗಿ ಬಂತೆಂದರೆ, ಮೊರದ ಅಂಚಿನಲ್ಲಿದ್ದ ಒಣಸಿಪ್ಪೆ ಅಲ್ಲಾಡಿತು. ಎರಡು ವರ್ಷ ಕಾಗದ ಹಿಡಿದು ಬೇಡಿದ ‘ಹ’, ಬೇಕಾದ ಜಾಗದಲ್ಲೇ, ಅಚ್ಚುಕಟ್ಟಾಗಿ ಬಂದು ಕೂತಿತ್ತು. ಕೇಳಿಸಿಕೊಳ್ಳಲು ಅಲ್ಲಿ ಯಾವ ಪರೀಕ್ಷಕರೂ ಇರಲಿಲ್ಲ.

ಅವ್ವ ಮತ್ತೆ ಕಾಳಿಗೆ ಕೈ ಹಾಕಿದಳು.

“ಓದ್ರೆ ಓಯ್ತು ಬುಡ್ಲಾ.”

ಹೋದರೆ ಹೋಯಿತು ಎಂದಳೋ, ಓದಿದರೆ ಹೋಯಿತು ಎಂದಳೋ, ‘ಹ’ ಇಲ್ಲದ ಮನೆಯಲ್ಲಿ ತಿಳಿಯುವ ಬಗೆಯಿಲ್ಲ. ನಾನೂ ಕೇಳಲಿಲ್ಲ. ಮೊರದ ಇನ್ನೊಂದು ಪಕ್ಕಕ್ಕೆ ಕೂತು, ಒಂದು ಕಾಳು ಎತ್ತಿಕೊಂಡು ಹಿದುಕಿದೆ.